ನಿಮಗಿದು ಗೊತ್ತೇ? ಕಾರ್ಡಿನ ಬಾಕಿ ಕಟ್ಟದಿದ್ದರೆ ಏನೇನಾಗುತ್ತದೆ

ಕ್ರೆಡಿಟ್ ಕಾರ್ಡ್ ಬಾಕಿ ಕಟ್ಟಲಾಗದಿರುವುದು ಅಪರಾಧವಲ್ಲ, ಅದು ಸಿವಿಲ್ ವ್ಯಾಜ್ಯ. ‘ಸಂಜೆಯೊಳಗೆ ಪೊಲೀಸರು ಬರುತ್ತಾರೆ’ ಎಂದು ಫೋನಿನಲ್ಲಿ ಗದರುವವರ ಮಾತಿಗೆ ಕಾನೂನಿನ ಬಲವಿಲ್ಲ. ಆದರೆ ಬಾಕಿಗೆಂದು ಕೊಟ್ಟ ಚೆಕ್ ಬೌನ್ಸ್ ಆಗಿ, ನೋಟಿಸ್ ಬಂದ ಮೇಲೂ ಹಣ ಕಟ್ಟದಿದ್ದರೆ ಎರಡು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಹೆದರಿ ಚೆಕ್ ಬರೆದುಕೊಡಬೇಡಿ.

‘ಮಿನಿಮಮ್ ಡ್ಯೂ’ ಕಟ್ಟಿದರೆ ಸಾಲ ಕರಗುತ್ತದೆಯೇ? ಲೆಕ್ಕ ಹಾಕಿ. 1 ಲಕ್ಷ ಬಾಕಿ, ತಿಂಗಳಿಗೆ ಶೇ 3.5 ಬಡ್ಡಿ ಎಂದರೆ 3,500 ರೂಪಾಯಿ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ 630. ನೀವು 5,000 ಕಟ್ಟಿದರೆ ಅಸಲಿಗೆ ಹೋಗುವುದು ಬರೀ 870. ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಯ ಮೇಲಿನ ಬಡ್ಡಿರಹಿತ ಅವಧಿಯೂ ತಪ್ಪುತ್ತದೆ.

ವರ್ಷಕ್ಕೆ ಶೇ 30 ಮೀರಿದ ಕಾರ್ಡ್ ಬಡ್ಡಿ ಅನ್ಯಾಯ ಎಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕರ ಆಯೋಗ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಸಾಲಗಾರರ ಪಾಲಿಗೆ ಇದು ನಷ್ಟವೇ.

ಗಡುವು ದಾಟಿ ಮೂರು ದಿನ ಕಳೆಯುವವರೆಗೆ ಬ್ಯಾಂಕ್ ನಿಮ್ಮನ್ನು ಬಾಕಿದಾರ ಎಂದು ವರದಿ ಮಾಡುವಂತಿಲ್ಲ, ತಡಪಾವತಿ ಶುಲ್ಕವನ್ನೂ ಹಾಕುವಂತಿಲ್ಲ. 90 ದಿನ ದಾಟಿದರೆ ಖಾತೆ ಎನ್‌ಪಿಎ (ಅನುತ್ಪಾದಕ ಸಾಲ).

ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ನೆಂಟರು, ಸ್ನೇಹಿತರ ಮುಂದೆ ಮಾನ ಕಳೆಯುವುದಕ್ಕೂ ನಿಷೇಧವಿದೆ. ದೂರು ಕೊಟ್ಟು 30 ದಿನವಾದರೂ ಬ್ಯಾಂಕ್ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ. ರಾಜ್ಯ ಸರ್ಕಾರ 2025ರಲ್ಲಿ ತಂದ ಕಿರುಸಾಲ ಕಿರುಕುಳ ತಡೆ ಕಾನೂನು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಬ್ಯಾಂಕುಗಳಿಗೆ ಅನ್ವಯಿಸದು. ಹಾಗಾಗಿ ಕಾರ್ಡ್‌ದಾರರಿಗೆ ಓಂಬುಡ್ಸ್‌ಮನ್ ದಾರಿಯೇ ಮುಖ್ಯ.

ಬ್ಯಾಂಕ್ ದಾವೆ ಹೂಡಿ ಡಿಕ್ರಿ ಪಡೆದರೂ ಎಲ್ಲವನ್ನೂ ಜಪ್ತಿ ಮಾಡಿಸಲಾಗದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಓದಿದರೆ ನಮ್ಮ ಜಿಲ್ಲೆಗೆಂದೇ ಬರೆದಂತಿದೆ. ಜೀವನೋಪಾಯಕ್ಕೆ ಬೇಕೆಂದು ನ್ಯಾಯಾಲಯಕ್ಕೆ ಕಂಡರೆ ಚಿಂತಾಮಣಿ ರೈತನ ನೇಗಿಲು, ಹಸು, ಬಿತ್ತನೆ ಬೀಜಕ್ಕೆ ರಕ್ಷಣೆಯುಂಟು. ಅವನು ವಾಸಿಸುವ ಸ್ವಂತ ಮನೆಗೂ ಉಂಟು. ಕಸುಬುದಾರರ ಸಲಕರಣೆಯನ್ನು ಮುಟ್ಟುವಂತಿಲ್ಲ. ಶಿಡ್ಲಘಟ್ಟದಲ್ಲಿ ಚರಕದ ಮೇಲೆ ತಾವೇ ನೂಲು ತೆಗೆಯುವವರು ಈ ರಕ್ಷಣೆ ಕೋರಬಹುದು. ಅಡುಗೆ ಪಾತ್ರೆ, ಹಾಸಿಗೆ, ಹೆಣ್ಣುಮಕ್ಕಳ ತಾಳಿ ಕೂಡ ಜಪ್ತಿಯ ಆಚೆಗೆ.

ಗೌರಿಬಿದನೂರಿನ ಕಾರ್ಖಾನೆಯಲ್ಲಿ ತಿಂಗಳಿಗೆ 16,000 ಸಂಬಳ ಎಂದಿಟ್ಟುಕೊಳ್ಳಿ. ಮೊದಲ 1,000 ಮತ್ತು ಉಳಿದುದರ ಮೂರನೇ ಎರಡು ಭಾಗ ನೌಕರರದೇ. ಜಪ್ತಿಯಾಗಬಹುದಾದದ್ದು 5,000, ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಭವಿಷ್ಯನಿಧಿ ಸುರಕ್ಷಿತ.

ಸಿವಿಲ್ ಜೈಲು? ಹಣವಿದ್ದೂ ಬಚ್ಚಿಟ್ಟವರಿಗೆ ಅದು ಉಂಟು. ಬಡತನದಿಂದ ಕಟ್ಟಲಾಗದವರನ್ನು ಸೆರೆಗೆ ಹಾಕಬಾರದೆಂದು ಸುಪ್ರೀಂ ಕೋರ್ಟ್ 1980ರಲ್ಲೇ ತೀರ್ಪು ಕೊಟ್ಟಿದೆ. ಹಣದ ಡಿಕ್ರಿಗಾಗಿ ಮಹಿಳೆಯರನ್ನು ಬಂಧಿಸುವಂತೆಯೇ ಇಲ್ಲ.

ಕಾರ್ಡ್‌ದಾರರು ತೀರಿಕೊಂಡರೆ ಅವರು ಬಿಟ್ಟುಹೋದ ಆಸ್ತಿಯಷ್ಟಕ್ಕೇ ವಾರಸುದಾರರ ಹೊಣೆ. ಹೆಂಡತಿಯ ಸ್ವಂತ ದುಡಿಮೆಗೆ ಕೈಹಾಕುವಂತಿಲ್ಲ.

ಲೋಕ ಅದಾಲತ್ ನೋಟಿಸ್ ಬಂದರೆ ಗಾಬರಿ ಬೇಡ, ರಾಜಿಗೆ ಕರೆದಿದ್ದಾರೆ ಅಷ್ಟೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಅದಾಲತ್ತಿನಲ್ಲಿ ಒಪ್ಪಿ ಸಹಿ ಹಾಕಿದ್ದಕ್ಕೆ ಮೇಲ್ಮನವಿ ಇಲ್ಲ. ಹಾಗಾಗಿ ಮೊತ್ತ, ಕಂತು, ಗಡುವನ್ನು ಮೊದಲೇ ಓದಿಸಿಕೊಳ್ಳಿ. ಕಡಿಮೆ ಹಣಕ್ಕೆ ರಾಜಿಯಾದರೆ ಸಿಬಿಲ್ ವರದಿಯಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ಬೀಳುತ್ತದೆ, ಮುಂದೆ ಸಾಲ ಕೇಳಿದಾಗ ಬ್ಯಾಂಕಿನವರು ಅದನ್ನು ನೋಡುತ್ತಾರೆ. ಹಣ ಕಟ್ಟಿದ ಮೇಲೆ ಬಾಕಿ ಇಲ್ಲವೆಂಬ ಪತ್ರವನ್ನು ಬ್ಯಾಂಕಿನಿಂದಲೇ ಪಡೆಯಿರಿ, ಏಜೆಂಟರಿಂದಲ್ಲ.