ಹಳೆಯ ಫಿಲ್ಮ್ ಸ್ಕ್ಯಾನರೂ ಹೊಸ ಗಣಕಯಂತ್ರವೂ

ವಿದ್ವಾಂಸರ ಮನೆಗಳಲ್ಲಿಯೂ ಸಂಘಸಂಸ್ಥೆಗಳ ಬೀರುಗಳಲ್ಲಿಯೂ ಶಾಸನ, ಓಲೆಗರಿ, ಸಭೆ-ಸಮಾರಂಭಗಳ 35 ಮಿಲಿಮೀಟರ್ ನೆಗೆಟಿವ್‌ಗಳು ಇಂದಿಗೂ ಉಳಿದಿವೆ. ಇವು ಚಿರಸ್ಥಾಯಿಗಳಲ್ಲ. ಅಸಿಟೇಟ್ ಫಿಲ್ಮು ಶಾಖಕ್ಕೂ ತೇವಕ್ಕೂ ಸಿಕ್ಕಿ ಹುಳಿವಾಸನೆ ಬೀರುತ್ತ ಸುರುಟಿಕೊಳ್ಳುತ್ತದೆ. ವರ್ಣಫಿಲ್ಮಿನ ಬಣ್ಣಗಳು ಕಾಲಕ್ರಮದಲ್ಲಿ ಮಾಸುತ್ತವೆ. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ನೆಲೆಸಿರುವ ನಮಗೆ ಈ ಭಯವು ಹೆಚ್ಚಿನದು.

ಇವನ್ನು ಗಣಕಯಂತ್ರಕ್ಕೆ ಏರಿಸಲು ಹಳೆಯ ಸ್ಕ್ಯಾನರುಗಳು ಈಗಲೂ ಸಮರ್ಥವಾದ ಸಾಧನಗಳೇ ಸರಿ. ಉದಾಹರಣೆಗೆ, 2001ರಲ್ಲಿ ಬಂದ ನಿಕಾನ್ ಸೂಪರ್ ಕೂಲ್‌ಸ್ಕ್ಯಾನ್ 4000 ಯಂತ್ರವು ಅಂಗುಲಕ್ಕೆ 4000 ಬಿಂದುಗಳಂತೆ ಓದುತ್ತದೆ. ಆ ಲೆಕ್ಕದಲ್ಲಿ 24×36 ಮಿಲಿಮೀಟರ್ ಚಿತ್ರವೊಂದರಿಂದ ಸುಮಾರು 2 ಕೋಟಿ 14 ಲಕ್ಷ ಬಿಂದುಗಳು ದೊರೆಯುತ್ತವೆ. ಬಣ್ಣವೊಂದಕ್ಕೆ 16 ಬಿಟ್‌ಗಳಂತೆ ಶೇಖರಿಸಿದರೆ ಒಂದು ಚಿತ್ರವು ಸುಮಾರು 12 ಕೋಟಿ 80 ಲಕ್ಷ ಬೈಟುಗಳಷ್ಟು ಸ್ಥಳವನ್ನು ಬೇಡುತ್ತದೆ.

ಯಂತ್ರವು ಸುಸ್ಥಿತಿಯಲ್ಲಿದ್ದರೂ ಹೊಸ ಗಣಕಯಂತ್ರಕ್ಕೆ ಅದನ್ನು ಜೋಡಿಸುವುದು ಸುಲಭಸಾಧ್ಯವಲ್ಲ. ಇಲ್ಲಿ ಮೂರು ಅಂಶಗಳು ಹೊಂದಬೇಕು: ಕೇಬಲ್ಲು ಕೂಡುವ ಕಿಂಡಿ, ಎರಡು ಯಂತ್ರಗಳು ಮಾತನಾಡುವ ನಿಯಮ, ಸ್ಕ್ಯಾನರನ್ನು ನಡೆಸುವ ತಂತ್ರಾಂಶ. ಮೇಲೆ ಹೇಳಿದ ಯಂತ್ರದ ಮಾತು ಫೈರ್‌ವೈರ್. ಅದಕ್ಕೂ ಹಿಂದಿನ ಎಲ್‌ಎಸ್-2000ರದು ಸ್ಕಸಿ. ಅನಂತರದ ಕೂಲ್‌ಸ್ಕ್ಯಾನ್ 5000ರದು ಯು.ಎಸ್.ಬಿ. ಇವುಗಳಲ್ಲಿ ಯು.ಎಸ್.ಬಿ. ಒಂದೇ ಇಂದಿಗೂ ಸಾರ್ವತ್ರಿಕವಾಗಿದೆ. ಫೈರ್‌ವೈರ್ ಕೇಬಲ್ಲಿನ ತುದಿಗೆ ಯು.ಎಸ್.ಬಿ. ಮೂತಿಯನ್ನು ಸಿಕ್ಕಿಸುವ ಅಗ್ಗದ ಜೋಡಣೆಗಳು ಅಂಗಡಿಗಳಲ್ಲಿ ಸಿಕ್ಕುತ್ತವೆಯಾದರೂ ಅವುಗಳಿಂದ ಪ್ರಯೋಜನವಿಲ್ಲ. ಭಾಷೆ ತಿಳಿಯದ ಇಬ್ಬರನ್ನು ಎದುರುಬದುರು ಕೂರಿಸಿದ ಮಾತ್ರಕ್ಕೆ ಸಂಭಾಷಣೆ ನಡೆದೀತೆ? ನಡುವೆ ದುಭಾಷಿ ಬೇಕು.

ಮೇಜಿನ ಗಣಕಯಂತ್ರವಾದರೆ ಅದರೊಳಗೆ ಫೈರ್‌ವೈರ್ ಕಾರ್ಡೊಂದನ್ನು ಕೂರಿಸುವುದೇ ನೇರವಾದ ಮಾರ್ಗ. ಆಪಲ್ ಯಂತ್ರಗಳಲ್ಲಿ ಥಂಡರ್‌ಬೋಲ್ಟ್ 3ರಿಂದ ಥಂಡರ್‌ಬೋಲ್ಟ್ 2ಕ್ಕೆ, ಅಲ್ಲಿಂದ ಫೈರ್‌ವೈರಿಗೆ ಎರಡು ಜೋಡಣೆಗಳ ಸರಪಣಿಯನ್ನು ಕಟ್ಟಬಹುದಾಗಿತ್ತು. ಆದರೆ 2025ರಲ್ಲಿ ಹೊರಬಂದ ಮ್ಯಾಕ್‌ಓಎಸ್ 26ರಲ್ಲಿ ಫೈರ್‌ವೈರಿನ ಬೆಂಬಲವನ್ನೇ ತೆಗೆದುಹಾಕಿರುವುದರಿಂದ, ಈ ಮಾರ್ಗವನ್ನು ಅವಲಂಬಿಸಿರುವವರು ಹಿಂದಿನ ಆವೃತ್ತಿಯಲ್ಲಿಯೇ ನಿಲ್ಲಬೇಕು. ಸ್ಕಸಿಗೆ ಕಾರ್ಡಿನ ಜೊತೆಗೆ ಸರಪಣಿಯ ಕೊನೆಯಲ್ಲಿ ಟರ್ಮಿನೇಟರೂ ಬೇಕು. ವಿದ್ಯುತ್ತನ್ನು ಆರಿಸಿ ಜೋಡಿಸಿ, ಮೊದಲು ಸ್ಕ್ಯಾನರನ್ನೂ ಅನಂತರ ಗಣಕಯಂತ್ರವನ್ನೂ ಚಾಲೂ ಮಾಡಬೇಕು.

ಕಿಂಡಿ ಸರಿಹೋದ ಮೇಲೆ ತಂತ್ರಾಂಶದ ಪ್ರಶ್ನೆ. ತಯಾರಕರ ನಿಕಾನ್ ಸ್ಕ್ಯಾನ್ ವಿಂಡೋಸ್ ವಿಸ್ತಾದ 32 ಬಿಟ್ ಆವೃತ್ತಿಯಲ್ಲಿಯೇ ನಿಂತುಹೋಯಿತು. ಈ ಕೊರತೆಯನ್ನು ವ್ಯೂಸ್ಕ್ಯಾನ್, ಸಿಲ್ವರ್‌ಫಾಸ್ಟ್ ಎಂಬ ಅನ್ಯರ ತಂತ್ರಾಂಶಗಳು ತುಂಬುತ್ತವೆ. ಲಿನಕ್ಸಿನಲ್ಲಿ ಉಚಿತವಾದ ಸೇನ್ ಇದೆ. ಕೊಳ್ಳುವ ಮುನ್ನ ತಮ್ಮ ಸ್ಕ್ಯಾನರಿನ ಹೆಸರು ಅವುಗಳ ಪಟ್ಟಿಯಲ್ಲಿದೆಯೇ ಎಂದು ನೋಡತಕ್ಕದ್ದು. ಶಾಸನಚಿತ್ರಗಳಿಗೆ ಸಂಬಂಧಿಸಿದ ಒಂದು ಎಚ್ಚರಿಕೆಯೂ ಉಂಟು: ಅತಿಕೆಂಪು ಕಿರಣದಿಂದ ಧೂಳನ್ನು ಗುರುತಿಸಿ ಅಳಿಸುವ ಡಿಜಿಟಲ್ ಐಸ್ ಸೌಲಭ್ಯವು ಸಾಂಪ್ರದಾಯಿಕ ಕಪ್ಪು-ಬಿಳುಪು ಫಿಲ್ಮಿಗೆ ಸಲ್ಲದು. ಅದರ ಬೆಳ್ಳಿಯು ಆ ಕಿರಣವನ್ನು ತಡೆಯುವುದರಿಂದ, ಧೂಳಿನೊಡನೆ ಅಕ್ಷರದ ಗೆರೆಯೂ ಅಳಿದೀತು.

ಇಷ್ಟೆಲ್ಲ ತೊಡಕಿಲ್ಲದ ಉಪಾಯವೊಂದಿದೆ. ಫೈರ್‌ವೈರ್ ಕಿಂಡಿಯಿರುವ ಹಳೆಯ ಗಣಕಯಂತ್ರವೊಂದನ್ನು ಸ್ಕ್ಯಾನರಿಗಾಗಿಯೇ ಮೀಸಲಿಟ್ಟು, ಅಂತರ್ಜಾಲದಿಂದ ದೂರವಿರಿಸಿ, ಚಿತ್ರಗಳನ್ನು ಪೆನ್‌ಡ್ರೈವಿನ ಮೂಲಕ ಹೊಸ ಯಂತ್ರಕ್ಕೆ ಸಾಗಿಸುವುದು. ಯಾವ ಮಾರ್ಗವನ್ನೇ ಹಿಡಿಯಲಿ, ಜೋಡಣೆ ಒಮ್ಮೆ ಫಲಿಸಿದ ಮೇಲೆ ಅದನ್ನು ಕದಲಿಸದೆ, ತಂತ್ರಾಂಶವನ್ನು ಬದಲಿಸದೆ, ಕೈಯಲ್ಲಿರುವ ನೆಗೆಟಿವ್‌ಗಳನ್ನೆಲ್ಲ ಮುಗಿಸಿಕೊಳ್ಳುವುದು ವಿವೇಕ. ಒಂದು ಕಡೆ ಫಿಲ್ಮು ಕ್ಷಯಿಸುತ್ತಿದೆ. ಇನ್ನೊಂದು ಕಡೆ ಅದನ್ನು ಓದಬಲ್ಲ ಯಂತ್ರಗಳಿಗೆ ಬಾಗಿಲುಗಳು ಮುಚ್ಚುತ್ತಿವೆ. ಎರಡೂ ಕೂಡಿ ನಡೆಯುವ ಈ ಅವಧಿಯು ದೀರ್ಘವಾದುದಲ್ಲ. ಸ್ಕ್ಯಾನು ಮುಗಿದರೂ ಮೂಲ ನೆಗೆಟಿವ್‌ಗಳನ್ನು ಎಸೆಯದೆ ತಂಪಾದ, ಒಣಗಿದ ಸ್ಥಳದಲ್ಲಿ ಕಾಪಾಡತಕ್ಕದ್ದು.