ಕೌದಿ ಹೊಲಿದ ಕೈಗೆ ಡೇರೆ ದೊಡ್ಡದೇ?

ಆಷಾಢ ಏಕಾದಶಿಗೆ ಪಂಢರಪುರ, ಯುಗಾದಿಗೆ ಶ್ರೀಶೈಲ, ಹುಣ್ಣಿಮೆಗೆ ಗಾಣಗಾಪುರ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯವರಿಗೆ ನಡಿಗೆ ಹೊಸದಲ್ಲ. ನಿಂಬರ್ಗಾದಂಥ ಊರಿನಿಂದ ಹೊರಟವರ ಹೆಗಲಿಗೆ ಮನೆಯಲ್ಲೇ ಹೊಲಿದ ಚೀಲ, ಅದರೊಳಗೆ ಕಟಿ ರೊಟ್ಟಿ, ಶೇಂಗಾ ಹಿಂಡಿ. ಹಾಸಲು, ಹೊದೆಯಲು ಒಂದು ಕೌದಿ. ಈಗ ದಿಂಡಿಯ ಜೊತೆ ಸಾಮಾನಿನ ಟೆಂಪೊ ಬರುವುದರಿಂದ ಭಾರದ ಲೆಕ್ಕ ಹಿಡಿಯುವವರು ಕಡಿಮೆ. ಟೆಂಪೊ ಹೋಗದ ಸಹ್ಯಾದ್ರಿಗೋ ಚಿಂಚೋಳಿಯ ಕಾಡಿಗೋ ಚಾರಣಕ್ಕೆ ಹೊರಟ ಹುಡುಗರು ಮಾತ್ರ ಅಂಗಡಿಯ ಟೆಂಟು, ದಪ್ಪ ಮಲಗುಚೀಲ ಕೊಂಡು ಮೊದಲ ಏರಿನಲ್ಲೇ ಏದುಸಿರು ಬಿಡುತ್ತಾರೆ.

ಅಮೆರಿಕದ ಒಕ್ಕಲುತನದ ಹೆಣ್ಣುಮಗಳು ಎಮ್ಮಾ ಗೇಟ್‌ವುಡ್, ಹನ್ನೊಂದು ಮಕ್ಕಳ ತಾಯಿ, 1955ರಲ್ಲಿ ತನ್ನ 67ನೇ ವಯಸ್ಸಿನಲ್ಲಿ ಅಪಲಾಚಿಯನ್ ಹಾದಿಯ ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರನ್ನು ಒಬ್ಬಳೇ ನಡೆದು ಮುಗಿಸಿದಳು. ಹೆಗಲಿಗಿದ್ದದ್ದು ತಾನೇ ಹೊಲಿದ ಜೀನ್ಸ್ ಬಟ್ಟೆಯ ಚೀಲ. ಮಳೆಗೆ ಬಚ್ಚಲಮನೆಯ ಪ್ಲಾಸ್ಟಿಕ್ ಪರದೆ. ನಮ್ಮ ಕಡೆಯ ಯಾವ ದಿಂಡಿಯಲ್ಲಾದರೂ ಆಕೆ ಸಲೀಸಾಗಿ ಬೆರೆತುಹೋಗುತ್ತಿದ್ದಳು.

ಆಮೇಲೆ ಬಂದ ರೇ ಜಾರ್ಡಿನ್ ಬಂಡೆ ಹತ್ತುವುದರಲ್ಲಿ ಹೆಸರು ಮಾಡಿದವನು. ಹೆಂಡತಿ ಜೆನ್ನಿ ಜೊತೆ ಚೀಲ, ಡೇರೆ, ಹೊದಿಕೆಗಳನ್ನು ಮನೆಯಲ್ಲೇ ಹೊಲಿದು ದೂರದ ಹಾದಿಗಳನ್ನು ನಡೆದ. 1992ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. ಅವನ ತರ್ಕ ಸರಳ. ಬೆಚ್ಚಗಿಡುವುದು ಹತ್ತಿಯೂ ಅಲ್ಲ, ಪುಕ್ಕವೂ ಅಲ್ಲ, ಅದರೊಳಗೆ ಸಿಕ್ಕಿಕೊಂಡ ಗಾಳಿ. ಮಲಗುಚೀಲದ ಕೆಳಭಾಗ ಮೈಭಾರಕ್ಕೆ ಅಪ್ಪಚ್ಚಿಯಾದರೆ ಅಲ್ಲಿ ಗಾಳಿ ಉಳಿಯುವುದಿಲ್ಲ. ಕೆಲಸಕ್ಕೆ ಬಾರದ ಆ ಅರ್ಧವನ್ನು ಹೊರುವುದೇಕೆ? ಹಾಗಾಗಿ ಮೇಲೊಂದು ಹೊದಿಕೆ, ಕಾಲಿನ ಕಡೆ ಮಾತ್ರ ಚೀಲದಂತೆ ಮುಚ್ಚಿದ್ದು, ಕೆಳಗೆ ತೆಳುವಾದ ಫೋಮ್ ಹಾಸು.

ಇದನ್ನು ನಮ್ಮ ಅಜ್ಜಿಯಂದಿರಿಗೆ ತೋರಿಸಿದರೆ ಕೌದಿ ಅಂತಲೇ ಅಂದಾರು. ಹಳೆ ಸೀರೆ, ಧೋತರಗಳನ್ನು ಪದರ ಹಾಕಿ, ಪದರ ಸರಿಯದಂತೆ ಸಾಲುಸಾಲು ಟಾಕಿ ಹಾಕುವ ಕೈಗೆ ಇದು ಹೊಸ ವಿದ್ಯೆಯಲ್ಲ. ಆದರೆ ಕೌದಿಯನ್ನೇ ಬೆಟ್ಟಕ್ಕೆ ಒಯ್ಯಿರಿ ಎಂದು ನಾನು ಹೇಳಲಾರೆ. ಹತ್ತಿಬಟ್ಟೆ ಭಾರ, ನೆನೆದರಂತೂ ನೀರು ಹೀರಿ ಇನ್ನೂ ಭಾರ, ಶಾಖವೂ ಹೋಯಿತು. ಕಸುಬು ಅದೇ ಇರಲಿ, ಬಟ್ಟೆ ಬದಲಾಗಲಿ: ಹೊರಗೆ ದಟ್ಟ ನೇಯ್ಗೆಯ ತೆಳು ನೈಲಾನ್, ನಡುವೆ ಪಾಲಿಯೆಸ್ಟರ್ ಪದರ.

ಹೊಸಬರು ನೇರವಾಗಿ ಜಿಪ್ಪು, ಬಾಗಿಲಿನ ಟೆಂಟಿಗೆ ಕೈ ಹಾಕಿ ಅರ್ಧಕ್ಕೆ ಬಿಡುತ್ತಾರೆ. ಮೊದಲು ಬೇಕಾದದ್ದು ಡೇರೆಯ ಮೇಲ್ಹೊದಿಕೆ ಮಾತ್ರ. ಒಂದೂವರೆ ಮೀಟರ್ ಪನ್ನದ, ಚದರ ಮೀಟರಿಗೆ 50 ಗ್ರಾಂ ತೂಗುವ ಸಿಲಿಕೋನ್ ಲೇಪದ ನೈಲಾನ್ 6 ಮೀಟರ್ ಸಾಕು. ಎರಡು ತುಂಡು ಮಾಡಿ ಜೋಡಿಸಿದರೆ ಇಬ್ಬರು ಮಲಗುವಷ್ಟು ಜಾಗ, ಬಟ್ಟೆಯ ತೂಕ 450 ಗ್ರಾಂ. ಮನೆಯ ಕಾಲು ಮಷೀನೇ ನಡೆಯುತ್ತದೆ. ಸೂಜಿ 11ನೇ ನಂಬರಿನದು, ದಾರ ಪಾಲಿಯೆಸ್ಟರ್; ಹತ್ತಿದಾರ ನೆನೆದು ಕೊಳೆಯುತ್ತದೆ. ಗುಂಡುಪಿನ್ನು ಚುಚ್ಚಿದಲ್ಲೆಲ್ಲ ತೂತು ಉಳಿಯುವುದರಿಂದ ಬಟ್ಟೆ ಒಣಹಾಕುವ ಕ್ಲಿಪ್ಪೇ ವಾಸಿ. ನಡುವಿನ ಜೋಡಣೆಯಲ್ಲಿ ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಡೆಯಬೇಕು, ಜೀನ್ಸ್ ಪ್ಯಾಂಟಿನ ಕಾಲಿನಲ್ಲಿರುತ್ತದಲ್ಲ, ಹಾಗೆ. ಹಗ್ಗ ಕಟ್ಟುವ ಕುಣಿಕೆಗಳ ಕೆಳಗೆ ಇನ್ನೊಂದು ತುಂಡು ಬಟ್ಟೆ ಕೊಡದಿದ್ದರೆ ಗಾಳಿ ಬೀಸಿದಾಗ ಮೊದಲು ಹರಿಯುವುದು ಅಲ್ಲೇ.

ಜಾರುವ ಬಟ್ಟೆ ಕಂಡು ದರ್ಜಿ ಮೊದಲು ಗೊಣಗಬಹುದು. ರವಿಕೆಯ ರೇಷ್ಮೆ ಹೊಲಿದವರಿಗೆ ಅದು ಬೇಗ ಹದಕ್ಕೆ ಬರುತ್ತದೆ. ಹಣ ಉಳಿಯುತ್ತದೆಂದು ಮಾತ್ರ ಇದಕ್ಕೆ ಇಳಿಯಬೇಡಿ: ಒಳ್ಳೆಯ ಬಟ್ಟೆಯನ್ನು ದೂರದಿಂದ ತರಿಸಬೇಕು, ಮೊದಲ ಸಲ ಒಂದಷ್ಟು ಹಾಳಾಗುವುದೂ ಇದ್ದದ್ದೇ. ಲಾಭ ಬೇರೆ ಕಡೆ ಇದೆ. ಬೇಡದ ಜೇಬು, ಬಕಲ್, ಪಟ್ಟಿಗಳನ್ನು ಬಿಡುವ ತೀರ್ಮಾನ ನಿಮ್ಮದೇ ಆಗುತ್ತದೆ, ದಾರಿಯಲ್ಲಿ ಹರಿದರೆ ಸೂಜಿ ಎಲ್ಲಿ ಹಾಕಬೇಕೆಂದೂ ಗೊತ್ತಿರುತ್ತದೆ.

ಹೊಲಿಗೆಯ ತೂತುಗಳಿಗೆ ಟರ್ಪೆಂಟೈನಿನಲ್ಲಿ ತೆಳುಮಾಡಿದ ಸಿಲಿಕೋನ್ ಅಂಟನ್ನು ಬ್ರಷ್‌ನಿಂದ ಸವರಿ, ರಾತ್ರಿಯಿಡೀ ಗಾಳಿಗೆ ಬಿಡಿ. ಮರುದಿನ ಅಂಗಳದಲ್ಲಿ ಕಟ್ಟಿ, ಮೇಲೆ ನಾಲ್ಕು ಕೊಡ ನೀರು ಸುರಿದು ನೋಡಿ. ಸೋರಿದ ಕಡೆ ಸುಣ್ಣದಕಡ್ಡಿಯಿಂದ ಗುರುತು ಹಾಕಿ, ಒಣಗಿದ ಮೇಲೆ ಇನ್ನೊಮ್ಮೆ ಸವರಿದರಾಯಿತು.