ನೂತನ ಶಸ್ತ್ರಕ್ರಿಯೆಗಳೂ ಅವುಗಳ ಮಾರ್ಪಾಟುಗಳ ನಿರೂಪಣೆಯೂ

ಪ್ರಾಚೀನ ಕಾವ್ಯವೊಂದನ್ನು ಪರಿಷ್ಕರಿಸುವ ಸಂಪಾದಕನು ತಾನು ಅಂಗೀಕರಿಸಿದ ಪಾಠವನ್ನು ಮೇಲೆ ಅಚ್ಚು ಮಾಡಿಸಿ, ಬಿಟ್ಟ ಪಾಠಗಳನ್ನು ಅವು ಯಾವ ಯಾವ ಪ್ರತಿಯಲ್ಲಿ ದೊರೆತವೆಂಬ ಸಂಕೇತದೊಡನೆ ಪುಟದ ಅಡಿಯಲ್ಲಿ ಕಾಣಿಸುವುದು ವಿದ್ವಜ್ಜನರಿಗೆ ಪರಿಚಿತವಾದ ಕ್ರಮವಾಗಿದೆ. ಈ ಕ್ರಮವನ್ನನುಸರಿಸದೆ ತಿದ್ದಲ್ಪಟ್ಟ ಗ್ರಂಥವು ಎಷ್ಟೇ ಸುಗಮವಾಗಿದ್ದರೂ ಪ್ರಮಾಣವೆನಿಸಲಾರದು. ಏಕೆಂದರೆ ತಿದ್ದುಪಾಟು ಎಲ್ಲಿ ನಡೆಯಿತು, ಯಾವ ಕಾರಣದಿಂದ ನಡೆಯಿತು ಎಂಬುದನ್ನು ಪರೀಕ್ಷಿಸಲು ಓದುವವನಿಗೆ ಉಪಾಯವೇ ಇರುವುದಿಲ್ಲ. ಶಸ್ತ್ರವೈದ್ಯದಲ್ಲಿಯೂ ಇಂತಹುದೇ ಒಂದು ಕ್ರಮವು ಆವಶ್ಯಕವೆಂಬ ಅಭಿಪ್ರಾಯವು ಈಚಿನ ದಶಕಗಳಲ್ಲಿ ಬಲಗೊಂಡಿದೆ. ಹೊಸದಾಗಿ ಕಲ್ಪಿಸಿದ ಶಸ್ತ್ರಕ್ರಿಯೆಯಲ್ಲಾಗಲಿ, ದೇಹದೊಳಗೆ ಇಡುವ ಉಪಕರಣದಲ್ಲಾಗಲಿ ಕಾಲಕಾಲಕ್ಕೆ ಮಾಡಿದ ಮಾರ್ಪಾಟುಗಳನ್ನು ಕಾರಣಸಹಿತವಾಗಿ ಪ್ರಕಟಿಸಬೇಕೆಂಬುದೇ ಆ ಅಭಿಪ್ರಾಯದ ಸಾರವು. ಅದಕ್ಕೆ ಆಧಾರವೇನೆಂಬುದು ಕೆಲವು ನಿದರ್ಶನಗಳಿಂದ ವ್ಯಕ್ತವಾಗುತ್ತದೆ.

ಔಷಧಕ್ಕೂ ಶಸ್ತ್ರಕ್ರಿಯೆಗೂ ಈ ವಿಷಯದಲ್ಲಿ ದೊಡ್ಡ ಅಂತರವುಂಟು. ಒಂದು ಗುಳಿಗೆಯು ಪರೀಕ್ಷೆಗೆ ಬರುವ ಹೊತ್ತಿಗೆ ಅದರ ದ್ರವ್ಯವೂ ಪ್ರಮಾಣವೂ ನಿಶ್ಚಿತವಾಗಿರುತ್ತವೆ. ಮೊದಲನೆಯ ರೋಗಿಯು ನುಂಗಿದುದೂ ಸಾವಿರದ ರೋಗಿಯು ನುಂಗಿದುದೂ ಒಂದೇ. ಶಸ್ತ್ರಕ್ರಿಯೆಯಾದರೋ ಮಾಡುತ್ತ ಮಾಡುತ್ತ ರೂಪುಗೊಳ್ಳತಕ್ಕದ್ದು. ಮೊದಲನೆಯ ರೋಗಿಯಲ್ಲಿ ಕಂಡ ತೊಡಕು ಎರಡನೆಯವನಲ್ಲಿ ಕೊಯ್ತದ ಸ್ಥಳವನ್ನು ಬದಲಾಯಿಸುತ್ತದೆ. ಹತ್ತನೆಯವನಲ್ಲಿ ಹೊಲಿಗೆಯ ದಾರವೂ ಇಪ್ಪತ್ತನೆಯವನಲ್ಲಿ ಉಪಕರಣದ ಲೋಹವೂ ಬದಲಾಗಬಹುದು. ಇವೆಲ್ಲವೂ ರೋಗಿಯ ಹಿತಕ್ಕಾಗಿಯೇ ನಡೆಯುವಂಥವು, ಮಾರ್ಪಾಟು ದೋಷವಲ್ಲ. ಆದರೆ ಕೊನೆಯ ರೂಪವನ್ನು ಮಾತ್ರ ವರ್ಣಿಸಿ, ಎಲ್ಲ ರೂಪಗಳ ಫಲವನ್ನೂ ಒಂದೇ ಹೆಸರಿನ ಕೆಳಗೆ ಕೂಡಿಸಿ ಹೇಳಿದರೆ ಮೂರು ಬಗೆಯ ಹಾನಿಯುಂಟಾಗುತ್ತದೆ. ಆ ಫಲಸಂಖ್ಯೆಯು ಯಾವ ರೂಪಕ್ಕೂ ಸಲ್ಲದ ಮಿಶ್ರಸಂಖ್ಯೆಯಾಗುತ್ತದೆ. ಒಬ್ಬನು ಕೈಬಿಟ್ಟ ವಿಧಾನವನ್ನು ಮತ್ತೊಬ್ಬನು ಅರಿಯದೆ ಹೊಸದಾಗಿ ಆರಂಭಿಸಿ ಅದೇ ಹಾನಿಯನ್ನು ಮತ್ತೆ ಮಾಡುವನು. ತನ್ನ ದೇಹದಲ್ಲಿರುವುದು ಯಾವ ರೂಪವೆಂಬುದೂ ರೋಗಿಗೆ ತಿಳಿಯದೆ ಹೋಗುತ್ತದೆ.

ಸೊಂಟದ ಕೀಲಿಗೆ ಬದಲಾಗಿ ಕೃತಕವಾದ ಕೀಲನ್ನಿಡುವ ಶಸ್ತ್ರಕ್ರಿಯೆಯ ಚರಿತ್ರೆಯಲ್ಲಿ ಈ ವಿಷಯದ ಉತ್ತಮ ನಿದರ್ಶನವೊಂದು ದೊರೆಯುತ್ತದೆ. ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ರೈಟಿಂಗ್ಟನ್ ಆಸ್ಪತ್ರೆಯಲ್ಲಿದ್ದ ಜಾನ್ ಚಾರ್ನ್ಲಿಯು (೧೯೧೧–೧೯೮೨) ಸವೆದುಹೋದ ಕೀಲಿನಲ್ಲಿ ಘರ್ಷಣೆಯನ್ನು ಅತ್ಯಲ್ಪಗೊಳಿಸಬೇಕೆಂಬ ತತ್ತ್ವವನ್ನು ಹಿಡಿದು, ಜಾರುಗುಣದಲ್ಲಿ ಪ್ರಸಿದ್ಧವಾದ ಟೆಫ್ಲಾನಿನಿಂದ ಕೀಲಿನ ಬಟ್ಟಲನ್ನು ಮಾಡಿಸಿದನು. ೧೯೬೧ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಹೊಸ ಶಸ್ತ್ರಕ್ರಿಯೆಯ ವಿವರಣೆಯು ಪ್ರಕಟವಾಯಿತು. ನಡೆಯಲಾರದೆ ಇದ್ದವರು ನೋವಿಲ್ಲದೆ ನಡೆದರು. ಆದರೆ ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಬಟ್ಟಲುಗಳು ಸವೆಯತೊಡಗಿದುವು. ಸವೆದ ಕಣಗಳು ಸುತ್ತಲಿನ ಮಾಂಸದಲ್ಲಿ ಸೇರಿ ಗಡ್ಡೆಗಳನ್ನೆಬ್ಬಿಸಿದುವು. ಸುಮಾರು ೩೦೦ ಕೀಲುಗಳಲ್ಲಿ ಆ ಪದಾರ್ಥವನ್ನು ಅದಾಗಲೇ ಇಟ್ಟದ್ದಾಗಿತ್ತು. ಅವರಲ್ಲಿ ಅನೇಕರಿಗೆ ಮರಳಿ ಶಸ್ತ್ರಕ್ರಿಯೆ ಮಾಡಬೇಕಾಯಿತು.

ಈ ಸ್ಥಿತಿಯಲ್ಲಿ ಚಾರ್ನ್ಲಿಯು ನಡೆದುಕೊಂಡ ರೀತಿಯು ಗಮನಾರ್ಹವಾದುದು. ಅವನ ಕಾರ್ಯಾಗಾರದ ಸಹಾಯಕನಾದ ಹ್ಯಾರಿ ಕ್ರೇವನನು ೧೯೬೨ರಲ್ಲಿ ಪಾಲಿಎಥಿಲೀನಿನ ತುಂಡೊಂದನ್ನು ಸವೆತದ ಯಂತ್ರದಲ್ಲಿಟ್ಟು ಪರೀಕ್ಷಿಸಿದಾಗ ಅದು ಟೆಫ್ಲಾನಿಗಿಂತ ಬಹಳ ಮಟ್ಟಿಗೆ ಬಾಳುವುದೆಂದು ಕಂಡುಬಂದಿತು. ಆ ವರ್ಷದ ನವೆಂಬರಿನಿಂದ ಬಟ್ಟಲುಗಳು ಹೊಸ ಪದಾರ್ಥದಿಂದಾದುವು. ಚಾರ್ನ್ಲಿಯು ಎರಡು ಪದಾರ್ಥಗಳನ್ನೂ ತನ್ನ ತೊಡೆಯಲ್ಲಿಯೇ ಸೇರಿಸಿಕೊಂಡು, ಟೆಫ್ಲಾನ್ ಇದ್ದ ಸ್ಥಳದಲ್ಲಿ ಮಾತ್ರ ಗಂಟು ಬೆಳೆದುದನ್ನು ೧೯೬೩ರಲ್ಲಿ ಅದೇ ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದು ತಿಳಿಸಿದನು. ಹೊಸ ವಿಧಾನವನ್ನು ಹೊಗಳಿದ ಪುಟಗಳಲ್ಲಿಯೇ ಅದರ ದೋಷವೂ ಹೀಗೆ ದಾಖಲೆಯಾಯಿತು. ಆ ಬಳಿಕ ೧೯೭೨ರಲ್ಲಿ ಅವನು ದೀರ್ಘಕಾಲದ ಫಲವನ್ನು ಪ್ರಕಟಿಸಿದಾಗ, ೧೯೬೨ರಿಂದ ೧೯೬೫ರ ವರೆಗೆ ಪಾಲಿಎಥಿಲೀನಿನಿಂದ ಮಾಡಿದ ೩೭೯ ಶಸ್ತ್ರಕ್ರಿಯೆಗಳನ್ನು ಪ್ರತ್ಯೇಕವಾಗಿ ಎಣಿಸಿದನು. ಶಸ್ತ್ರಕ್ರಿಯೆಯ ತತ್ತ್ವವು ಒಂದೇ ಆಗಿದ್ದರೂ ಪದಾರ್ಥವು ಬದಲಾದ ದಿನದಿಂದ ಹೊಸ ಲೆಕ್ಕವು ಆರಂಭವಾಗಬೇಕೆಂಬ ನ್ಯಾಯವು ಇಲ್ಲಿ ಕಾಣುತ್ತದೆ.

ಈ ನ್ಯಾಯವನ್ನು ಮರೆತರೆ ಒದಗುವ ವಿಪತ್ತಿಗೆ ಬಿಯರ್ಕ್–ಷೈಲಿ ಎಂಬ ಹೃದಯಕವಾಟವು ಉದಾಹರಣೆಯಾಗಿದೆ. ಸ್ವೀಡನ್ ದೇಶದ ವೈದ್ಯ ವೈಕಿಂಗ್ ಬಿಯರ್ಕನ ಹೆಸರಿನ ಈ ಕವಾಟವು ೧೯೬೯ರಿಂದ ಬಳಕೆಗೆ ಬಂದಿತು. ಲೋಹದ ಬಳೆಯೊಳಗೆ ಎರಡು ಕಂಬಿಗಳ ನಡುವೆ ಓರೆಯಾಗಿ ತೆರೆದು ಮುಚ್ಚುವ ಬಿಲ್ಲೆಯೇ ಅದರ ರಚನೆಯು. ರಕ್ತವು ಹೆಪ್ಪುಗಟ್ಟುವುದನ್ನು ತಡೆಯುವ ಸದುದ್ದೇಶದಿಂದಲೇ ೧೯೭೦ರ ದಶಕದ ಉತ್ತರಾರ್ಧದಲ್ಲಿ ಬಿಲ್ಲೆಯ ಆಕಾರವನ್ನು ಒಂದು ಕಡೆ ಉಬ್ಬಾಗಿಯೂ ಇನ್ನೊಂದು ಕಡೆ ತಗ್ಗಾಗಿಯೂ ಮಾರ್ಪಡಿಸಿದರು. ಬಿಲ್ಲೆಯು ತೆರೆಯುವ ಕೋನವು ೬೦ ಅಂಶವಾಗಿದ್ದುದು ಇನ್ನೊಂದು ಮಾದರಿಯಲ್ಲಿ ೭೦ ಅಂಶವಾಯಿತು. ಹೊರಗಣ ಕಂಬಿಯು ಬೆಸುಗೆಯಿಂದ ಕೂಡಿಸಲ್ಪಟ್ಟುದಾಗಿತ್ತು. ಕೆಲವರಲ್ಲಿ ಆ ಕಂಬಿಯು ಮುರಿದು ಬಿಲ್ಲೆಯು ಕಳಚಿಹೋಯಿತು; ಹಾಗಾದವರಲ್ಲಿ ಹೆಚ್ಚಿನವರು ಬದುಕಲಿಲ್ಲ. ೧೯೮೬ರಲ್ಲಿ ಈ ಮಾದರಿಯನ್ನು ಮಾರಾಟದಿಂದ ಹಿಂದಕ್ಕೆ ತೆಗೆದುಕೊಳ್ಳುವ ವೇಳೆಗೆ ಸುಮಾರು ೮೬,೦೦೦ ಕವಾಟಗಳು ಮನುಷ್ಯರ ಹೃದಯಗಳನ್ನು ಸೇರಿದ್ದುವು.

ಮುರಿಯದೆ ಉಳಿದ ಕವಾಟಗಳನ್ನು ಏನು ಮಾಡಬೇಕೆಂಬ ಪ್ರಶ್ನೆಯು ಆಗ ಎದ್ದಿತು. ಎದೆಯನ್ನು ಮತ್ತೆ ತೆರೆದು ಕವಾಟವನ್ನು ಬದಲಿಸುವುದೂ ಪ್ರಾಣಾಪಾಯದ ಕೆಲಸವೇ. ನೆದರ್‌ಲೆಂಡ್ಸ್ ದೇಶದಲ್ಲಿ ಇವುಗಳನ್ನು ಧರಿಸಿದ್ದ ೨,೩೦೦ಕ್ಕೂ ಮಿಕ್ಕಿದ ಜನರ ವೃತ್ತಾಂತವನ್ನು ಶೋಧಿಸಿ ೧೯೯೨ರಲ್ಲಿ ಪ್ರಕಟಿಸಿದರು. ಯಾರಲ್ಲಿ ಯಾವ ಕೋನದ, ಯಾವ ಅಳತೆಯ ಕವಾಟವನ್ನಿಟ್ಟರೆಂಬುದು ಬರೆದಿಡಲ್ಪಟ್ಟಿದ್ದುದರಿಂದ, ೭೦ ಅಂಶದವೂ ಹಿರಿಯ ಅಳತೆಯವೂ ಹೆಚ್ಚಾಗಿ ಮುರಿಯುವುವೆಂದು ಗೊತ್ತುಪಡಿಸುವುದು ಸಾಧ್ಯವಾಯಿತು. ಯಾರಿಗೆ ಮರುಚಿಕಿತ್ಸೆಯು ಹಿತ, ಯಾರಿಗೆ ಸುಮ್ಮನಿರುವುದೇ ಹಿತ ಎಂಬ ನಿರ್ಣಯಕ್ಕೆ ಆ ಲೆಕ್ಕವೇ ಆಧಾರವಾಯಿತು. ಹತ್ತು ಅಂಶದ ಭೇದವನ್ನು ಯಾರಾದರೂ ಅಲ್ಪವೆಂದೆಣಿಸಿ ಬರೆಯದೆ ಬಿಟ್ಟಿದ್ದರೆ ಆ ನಿರ್ಣಯಕ್ಕೆ ದಾರಿಯೇ ಇರುತ್ತಿರಲಿಲ್ಲ.

ಭರತಖಂಡದಲ್ಲಿಯೂ ಇದಕ್ಕೆ ಸಂಬಂಧಿಸಿದ ಒಂದು ಸತ್ಪರಂಪರೆಯುಂಟು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ, ಮುಂದೆ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಪ್ರಥಮ ಕುಲಪತಿಗಳಾದ ಎಂ. ಎಸ್. ವಲಿಯತ್ತಾನರ ನಾಯಕತ್ವದಲ್ಲಿ ದೇಶೀಯವಾದ ಹೃದಯಕವಾಟವೊಂದು ನಿರ್ಮಿತವಾಯಿತು. ಅದರ ಮೊದಲ ಮಾದರಿಗಳು ಪರೀಕ್ಷೆಗಳಲ್ಲಿ ಒಂದಾದ ಮೇಲೊಂದು ವಿಫಲವಾಗಿ ಕೈಬಿಡಲ್ಪಟ್ಟುವು. ಕಡೆಗೆ ಗಟ್ಟಿಯಾದ ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟೂ ಪಾಲಿಎಥಿಲೀನಿನ ಬಿಲ್ಲೆಯೂ ಉಳ್ಳ ಮಾದರಿಯು ೧೯೯೦ರ ಡಿಸೆಂಬರಿನಲ್ಲಿ ಪ್ರಥಮತಃ ರೋಗಿಯೊಬ್ಬರಲ್ಲಿ ಇಡಲ್ಪಟ್ಟಿತು. ಬಿಟ್ಟ ಮಾದರಿಗಳ ಕಥೆಯನ್ನೂ ಅದರ ನಿರ್ಮಾತೃಗಳು ಮುಚ್ಚಿಡದೆ ಬರೆದಿರುವುದರಿಂದ, ಗೆದ್ದ ಮಾದರಿಯ ಗುಣವು ಯಾವುದರಿಂದ ಬಂದಿತೆಂಬುದು ಇತರರಿಗೂ ಗೋಚರವಾಗುತ್ತದೆ.

ವ್ಯಕ್ತಿಗಳ ಸೌಜನ್ಯವನ್ನೇ ನಂಬಿದ್ದ ಈ ಕಾರ್ಯಕ್ಕೆ ನಿಯಮಗಳನ್ನು ರಚಿಸುವ ಪ್ರಯತ್ನವು ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ೨೦೦೭ರಿಂದ ೨೦೦೯ರ ವರೆಗೆ ನೆರೆದ ಗೋಷ್ಠಿಗಳಲ್ಲಿ ನಡೆಯಿತು. ೨೦೦೯ರಲ್ಲಿ ಪ್ರಕಟವಾದ ‘ಐಡಿಯಲ್’ ಎಂಬ ಆ ಕ್ರಮವು ಶಸ್ತ್ರವೈದ್ಯದ ನೂತನ ವಿಧಾನಕ್ಕೆ ಐದು ಅವಸ್ಥೆಗಳನ್ನು ಹೇಳುತ್ತದೆ: ಕಲ್ಪನೆ, ಬೆಳವಣಿಗೆ, ಪರಿಶೋಧನೆ, ಮೌಲ್ಯನಿರ್ಣಯ, ದೀರ್ಘಾವಲೋಕನ. ಎರಡನೆಯದಾದ ಬೆಳವಣಿಗೆಯ ಅವಸ್ಥೆಯಲ್ಲಿ ರೋಗಿಗಳನ್ನು ಬಂದ ಕ್ರಮದಲ್ಲಿಯೇ, ಯಾರನ್ನೂ ಬಿಡದೆ ವರದಿ ಮಾಡತಕ್ಕದ್ದು. ಯಾವ ಮಾರ್ಪಾಟು ಯಾವಾಗ, ಏತಕ್ಕಾಗಿ ಮಾಡಲ್ಪಟ್ಟಿತೆಂಬುದನ್ನು ತಿಳಿಸತಕ್ಕದ್ದು.

ಇದಕ್ಕೆ ಅಡ್ಡಿಗಳಿಲ್ಲದಿಲ್ಲ. ವೈದ್ಯನಿಗೆ ಬಿಡುವು ಕಡಮೆ. ನಿಂದೆಗೂ ನ್ಯಾಯಾಲಯಕ್ಕೂ ಅಂಜಿಕೆಯುಂಟು. ಉಪಕರಣವನ್ನು ಮಾಡುವವರಿಗೆ ವ್ಯಾಪಾರದ ಗುಟ್ಟಿನ ಚಿಂತೆ. ಇವೆಲ್ಲಕ್ಕಿಂತಲೂ ಕಠಿನವಾದ ಪ್ರಶ್ನೆಯೆಂದರೆ, ಎಷ್ಟು ಸಣ್ಣ ಬದಲಾವಣೆಯನ್ನು ಹೇಳದೆ ಬಿಡಬಹುದೆಂಬುದು. ಮಾಡಿದವನಿಗೆ ಅಲ್ಪವೆಂದು ತೋರಿದ ಮಾತ್ರಕ್ಕೆ ಅದು ಅಲ್ಪವಲ್ಲವೆಂಬುದಕ್ಕೆ ಮೇಲಿನ ಕವಾಟದ ವೃತ್ತಾಂತವೇ ಸಾಕ್ಷಿಯಾಗಿದೆ. ಒಂದಕ್ಷರದ ಪಾಠಾಂತರವು ಪದ್ಯದ ಅರ್ಥವನ್ನೇ ತಿರುಗಿಸಬಲ್ಲುದೆಂದು ಬಲ್ಲವರಿಗೆ ಇದು ಅಚ್ಚರಿಯ ಮಾತಾಗದು. ಗ್ರಂಥದಲ್ಲಿ ಬಿಟ್ಟುಹೋದ ಪಾಠವನ್ನು ಮುಂದೊಂದು ಪ್ರತಿಯು ದೊರೆತಾಗ ಸರಿಪಡಿಸಬಹುದು. ರೋಗಿಯ ದೇಹದ ವಿಷಯದಲ್ಲಿ ಅಂತಹ ಅವಕಾಶವು ಎಲ್ಲ ವೇಳೆಯಲ್ಲಿಯೂ ದೊರೆಯುವುದಿಲ್ಲವಾದುದರಿಂದ, ಬದಲಾವಣೆಯಾದ ದಿನವೇ ಅದನ್ನು ಬರೆದಿಡುವುದು ಚಿಕಿತ್ಸೆಯ ಒಂದು ಅಂಗವೆಂದೇ ಭಾವಿಸತಕ್ಕದ್ದಾಗಿದೆ.